ಕವಲಿನ ಹೊರಗೋಡೆ

ನಾನು ಡಾಕ್ಟರು. ಆದರೆ ಇವತ್ತಿನವರೆಗೆ ಯಾರ ಹೊಟ್ಟೆನೋವೂ ನನ್ನಿಂದ ವಾಸಿಯಾಗಿಲ್ಲ. ಬೆಳಗಾವಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ದ್ರವಗಳ ಹರಿವಿನ ಪಾಠ ಮಾಡುತ್ತೇನೆ. ಕವಲೊಡೆಯುವ ರಕ್ತನಾಳದಲ್ಲಿ ರಕ್ತ ಹೇಗೆ ಹರಿಯುತ್ತದೆ, ಹರಿಯುವಾಗ ನಾಳದ ಗೋಡೆಯನ್ನು ಎಷ್ಟು ಉಜ್ಜುತ್ತದೆ ಎಂಬುದರ ಮೇಲೆ ಪ್ರಬಂಧ ಬರೆದು ಆ ಪದವಿ ಪಡೆದವನು. ಖಾನಾಪುರದ ನಮ್ಮ ಬಂಧುಬಳಗಕ್ಕೆ ಇಷ್ಟೆಲ್ಲ ವಿವರ ಬೇಕಿಲ್ಲ. ರಕ್ತ ಅಂದರು, ಡಾಕ್ಟರ್ ಅಂದರು, ಮುಗಿಯಿತು. ಯಾವ ಮದುವೆಗೆ ಹೋದರೂ ಊಟದ ಪಂಕ್ತಿಯಲ್ಲಿ ಯಾರಾದರೊಬ್ಬ ಹಿರಿಯರು ಅಂಗಿಯ ತೋಳು ಮಡಚಿ, ಬಿಪಿ ನೋಡು ಎಂದು ಕೈ ಚಾಚುತ್ತಾರೆ. ಮೊದಮೊದಲು ವಿವರಿಸಿ ಹೇಳುತ್ತಿದ್ದೆ. ಈಗ ಸ್ವಲ್ಪ ಹೊತ್ತು ಕೈ ಹಿಡಿದುಕೊಂಡು, ಉಪ್ಪು ಕಡಿಮೆ ಮಾಡಿ ಎನ್ನುತ್ತೇನೆ. ಅವರಿಗೂ ಸಮಾಧಾನವಾಗುತ್ತದೆ, ನನ್ನ ಊಟವೂ ಆರುವುದಿಲ್ಲ.

ನನ್ನ ವಿಷಯ ಹೇಳುವುದಕ್ಕೆ ಸರಳ. ಕುತ್ತಿಗೆಯ ಎರಡೂ ಬದಿಯಲ್ಲಿ ಒಂದೊಂದು ದೊಡ್ಡ ನಾಳ ಮೇಲೇರಿ ದವಡೆಯ ಕೆಳಗೆ ಎರಡಾಗಿ ಒಡೆಯುತ್ತದೆ. ಒಂದು ಕವಲು ಮಿದುಳಿಗೆ ಹೋಗುತ್ತದೆ, ಇನ್ನೊಂದು ಮುಖಕ್ಕೆ, ನಾಲಿಗೆಗೆ, ನೆತ್ತಿಯ ಚರ್ಮಕ್ಕೆ. ರಕ್ತ ರಭಸದಿಂದ ಬಂದು ಬಡಿಯುವುದು ಎರಡೂ ಕವಲುಗಳ ನಡುವಿನ ಮೂಲೆಗೆ. ಕೆಡುವುದಾದರೆ ಆ ಮೂಲೆಯೇ ಕೆಡಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ ಮೂಲೆ ಹೆಚ್ಚಾಗಿ ಸ್ವಚ್ಛವಾಗಿಯೇ ಉಳಿಯುತ್ತದೆ. ಕೆಡುವುದು ಅದರ ಎದುರಿನ ಹೊರಗೋಡೆ. ಅಲ್ಲಿ ಹರಿವು ಸೋಮಾರಿಯಾಗುತ್ತದೆ, ಹಿಂದಕ್ಕೆ ತಿರುಗಿ ಸುಳಿಯುತ್ತದೆ, ಗೋಡೆಯನ್ನು ಮುಟ್ಟಿಯೂ ಮುಟ್ಟದ ಹಾಗೆ ಹಾದುಹೋಗುತ್ತದೆ. ಹಾಗೆ ಯಾರೂ ಉಜ್ಜದ ಗೋಡೆಯ ಮೇಲೆ ವರ್ಷಗಟ್ಟಲೆ ಕೊಬ್ಬು, ಸುಣ್ಣ ಕೂಡುತ್ತದೆ. ಉಜ್ಜುವ ಈ ಬಲಕ್ಕೆ ನಾವು ವಾಲ್ ಶಿಯರ್ ಸ್ಟ್ರೆಸ್ ಎನ್ನುತ್ತೇವೆ. ಪಠ್ಯಪುಸ್ತಕದ ಕನ್ನಡದಲ್ಲೂ ಅದಕ್ಕೊಂದು ಹೆಸರಿದೆ. ಅದನ್ನು ಒಮ್ಮೆ ಕೇಳಿದ ವಿದ್ಯಾರ್ಥಿಗಳು ಇಂಗ್ಲಿಷ್ ಹೆಸರನ್ನೇ ಪ್ರೀತಿಸತೊಡಗುತ್ತಾರೆ. ಇದೊಂದೇ ಮಾತನ್ನು ತಿರುಗಿಸಿ ಮುರುಗಿಸಿ ಬರೆದು ನಾನು ಉಪನ್ಯಾಸಕನಿಂದ ಪ್ರಾಧ್ಯಾಪಕನಾದೆ.

ಪ್ರಬಂಧ ಬರೆಯುವ ಕಾಲಕ್ಕೆ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಅಕ್ರಿಲಿಕ್ ಗಟ್ಟಿ ಕೊರೆಸಿ ಕವಲು ನಾಳದ ಮಾದರಿ ಮಾಡಿಸಿದ್ದೆ. ಇದು ಯಾವ ಪಂಪಿನ ಭಾಗ ಎಂದು ಮಾಲೀಕರು ಕೇಳಿದರು. ಕುತ್ತಿಗೆಯದು ಎಂದೆ. ಅವರು ನನ್ನ ಕುತ್ತಿಗೆಯನ್ನು ಒಮ್ಮೆ ನೋಡಿ, ಮುಂಗಡ ಕೊಟ್ಟು ಹೋಗ್ರಿ ಎಂದರು. ಆ ಮಾದರಿಯಲ್ಲಿ ಗ್ಲಿಸರಿನ್ ಬೆರೆಸಿದ ನೀರು ಹರಿಸಿ, ಅದಕ್ಕೆ ಬಣ್ಣ ಬಿಟ್ಟು ಸುಳಿ ನೋಡುತ್ತ ಕೂರುತ್ತಿದ್ದೆ. ಆಮೇಲೆ ಎಲ್ಲವೂ ಕಂಪ್ಯೂಟರಿಗೆ ಬಂತು. ನೀರೂ ಬೇಡವಾಯಿತು, ಬಣ್ಣವೂ ಬೇಡವಾಯಿತು. ನಾನು ಲೆಕ್ಕ ಹಾಕಿದ ನಾಳಗಳೆಲ್ಲ ಯಾರದೂ ಅಲ್ಲದ, ನುಣುಪಾದ, ಸರಾಸರಿ ಮನುಷ್ಯನ ನಾಳಗಳು. ಆ ಸರಾಸರಿ ಮನುಷ್ಯನಿಗೆ ನೆಗಡಿ ಕೂಡ ಬರುತ್ತಿರಲಿಲ್ಲ. ಅವನಿಗೆ ಅಕ್ಕನೂ ಇರಲಿಲ್ಲ.

ನನಗೊಬ್ಬಳು ಅಕ್ಕ. ನನಗಿಂತ ಬಹಳ ದೊಡ್ಡವಳು, ಖಾನಾಪುರದ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತಳಾದವಳು. ಮನೆಯಲ್ಲಿ ಮರಾಠಿ ಆಡುವ ಮಕ್ಕಳಿಗೆ ನೌಕರಿಯುದ್ದಕ್ಕೂ ಕನ್ನಡ ಕಲಿಸಿದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಬರಲಿಲ್ಲ, ಏಕೆಂದರೆ ಕೇಳಬಹುದಾದವರೆಲ್ಲ ಅವಳ ಕೈಯಲ್ಲಿ ಕಿವಿ ಹಿಂಡಿಸಿಕೊಂಡವರು. ಓಣಿಯ ಈ ತುದಿಯಲ್ಲಿ ನಿಂತು ಆ ತುದಿಯವನ ಉಚ್ಚಾರ ತಿದ್ದುತ್ತಿದ್ದಳು. ಟಿವಿಯಲ್ಲಿ ವಾರ್ತೆ ಓದುವವರನ್ನೂ ತಿದ್ದುತ್ತಿದ್ದಳು; ಅವರು ಕೇಳಿಸಿಕೊಳ್ಳುವುದಿಲ್ಲ ಎಂಬುದೊಂದೇ ಕೊರಗು. ಅವಳಿಗೆ ಆಸ್ತಿ ಅಂತ ಇದ್ದದ್ದು ಆ ಮಾತು. ನನ್ನನ್ನು ಬೈಯುವುದಕ್ಕೆ ಅದರಲ್ಲಿ ಒಂದು ಪಾಲು ಬೇರೆಯಾಗಿಯೇ ತೆಗೆದಿಟ್ಟಿದ್ದಳು.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಅಕ್ಕನ ಕನ್ನಡ ಹೋಯಿತು.

ಹಾಲಿನವನು ಬಂದಿದ್ದ. ಹಾಲು ನೀರಾಗಿದೆ ಎಂದು ಬೈಯಲು ಬಾಯಿ ತೆರೆದರೆ ಕನ್ನಡ ಬರಲಿಲ್ಲ, ಮರಾಠಿ ಬಂತು. ಸರಿ, ಮರಾಠಿಯಲ್ಲೇ ಬೈದಳು. ಬಾಜು ಮನೆಯ ಕಾಕು, ಅಂದರೆ ಗೋಡೆಗೆ ಗೋಡೆ ಹಚ್ಚಿಕೊಂಡಿರುವ ಮರಾಠಾ ಮನೆಯ ಹಿರಿಯ ಹೆಂಗಸು, ಕಟ್ಟೆಗೆ ಬಂದು ಮಾತಾಡಿಸಿದರು. ಅವರಿಗೂ ಮರಾಠಿಯಲ್ಲೇ ಉತ್ತರ. ಬೇರೆ ಯಾವ ಊರಿನಲ್ಲಾದರೂ ಒಬ್ಬ ಹೆಂಗಸು ಬೆಳಗಾಗುವುದರೊಳಗೆ ತಾಯಿನುಡಿ ಬಿಟ್ಟು ಇನ್ನೊಂದು ನುಡಿ ಆಡತೊಡಗಿದರೆ ಜನ ಗಾಬರಿಯಾಗಿ ಆಂಬುಲೆನ್ಸ್ ಕರೆಯುತ್ತಿದ್ದರು. ಖಾನಾಪುರದಲ್ಲಿ ಅದಕ್ಕೆ ಸೌಜನ್ಯ ಎನ್ನುತ್ತಾರೆ. ಯಾವಾಗಲೂ ಹಟ ಹಿಡಿದು ಕನ್ನಡದಲ್ಲೇ ಮಾತಾಡುವ ಅಕ್ಕೋರು ಇವತ್ತು ತಮ್ಮ ಜೊತೆ ಇಷ್ಟು ಚಂದ ಮರಾಠಿ ಆಡಿದರಲ್ಲ ಎಂದು ಕಾಕು ಹಿಗ್ಗಿ, ಒಂದು ಡಬ್ಬಿ ಶೇಂಗಾ ಉಂಡಿ ಕೊಟ್ಟು ಹೋದರು.

ಅದೇ ಹೊತ್ತಿಗೆ ಬೆಳಗಾವಿಯಿಂದ ನಾನು ಫೋನ್ ಮಾಡಿದೆ. ಅಕ್ಕ ಮರಾಠಿಯಲ್ಲಿ ಹಲೋ ಎಂದಳು. ಪಕ್ಕದಲ್ಲಿ ಮರಾಠಿಯವರು ಯಾರೋ ಕೂತಿದ್ದಾರೆ, ಅವರಿಗೆ ತಿಳಿಯದ ಭಾಷೆಯಲ್ಲಿ ಮಾತಾಡಬಾರದೆಂದು ಹೀಗೆ ಮಾಡುತ್ತಿದ್ದಾಳೆ ಎಂದುಕೊಂಡು ನಾನೂ ಮರಾಠಿಗೆ ತಿರುಗಿಕೊಂಡೆ. ಮೊಣಕಾಲು ನೋವು, ಚಳಿ, ನನ್ನ ಹೆಂಡತಿಯ ವರ್ಗಾವಣೆ, ಎಲ್ಲ ಮರಾಠಿಯಲ್ಲಿ ಆಯಿತು. ಅಕ್ಕ ತಮ್ಮ ಇಬ್ಬರೂ ಹುಟ್ಟಿದಾಗಿನಿಂದ ಕನ್ನಡದವರು, ಫೋನಿನ ಎರಡು ತುದಿಯಲ್ಲಿ ಕೂತು ಪರಭಾಷೆಯಲ್ಲಿ ಕುಶಲ ವಿಚಾರಿಸಿಕೊಂಡೆವು. ಮಿದುಳಿಗೆ ಹೋಗುವ ರಕ್ತದ ಮೇಲೆ ಡಾಕ್ಟರೇಟ್ ಪಡೆದ ನನಗೆ ಏನೂ ಅನಿಸಲಿಲ್ಲ. ಫೋನ್ ಇಟ್ಟು ಕಾಲೇಜಿಗೆ ಹೋಗಿ ಅದೇ ಪಾಠ ಮಾಡಿದೆ.

ಎರಡನೇ ಚಹಾದ ಹೊತ್ತಿಗೆ ಕನ್ನಡ ತಾನಾಗಿ ವಾಪಸಾಯಿತಂತೆ. ಅಕ್ಕ ಯಾರಿಗೂ ಹೇಳಲಿಲ್ಲ. ಕನ್ನಡದ ಅಕ್ಕೋರು ಕನ್ನಡ ಮರೆತಳು ಎಂದು ಗೊತ್ತಾದರೆ ಊರಿನಲ್ಲಿ ಒಂದು ಭಾಷೆಯವರು ಪಟಾಕಿ ಹಚ್ಚುತ್ತಾರೆ, ಇನ್ನೊಂದು ಭಾಷೆಯವರು ಧರಣಿ ಕೂರುತ್ತಾರೆ ಎಂಬುದು ಅವಳ ಲೆಕ್ಕ. ಬಾಯಿಗೆ ಬೀಗ ಹಾಕಿಕೊಂಡು ಸುಮ್ಮನಿದ್ದಳು. ಆ ವಾರದಲ್ಲೇ ಒಂದು ಸಂಜೆ ಬಲಗೈಯಿಂದ ಚಹಾದ ಕಪ್ಪು ಜಾರಿ ಬಿತ್ತು, ಬಾಯಿ ಒಂದು ಕಡೆ ವಾಲಿತು. ಈ ಸಲ ಕಾಕು ಉಂಡಿ ತರಲಿಲ್ಲ, ನನಗೆ ಫೋನ್ ಮಾಡಿದರು.

ಬೆಳಗಾವಿಯ ಆಸ್ಪತ್ರೆಗೆ ಕರೆತರುವಷ್ಟರಲ್ಲಿ ಬಾಯಿ ನೆಟ್ಟಗಾಗಿತ್ತು, ಕೈಯಲ್ಲಿ ಸ್ವಲ್ಪ ಸೋಲು ಉಳಿದಿತ್ತು. ಸ್ಕ್ಯಾನ್ ಮಾಡಿದರು. ಎಡಗಡೆಯ ನಾಳ, ಕವಲೊಡೆಯುವ ಜಾಗ, ಹೊರಗೋಡೆ. ಅರ್ಧಕ್ಕಿಂತ ಹೆಚ್ಚು ಮುಚ್ಚಿಹೋಗಿತ್ತು. ತೆರೆಯ ಮೇಲೆ ಅದನ್ನು ನೋಡಿದೆ. ಪರಿಚಯದವರ ಮುಖ ಪರಿಚಯವಿಲ್ಲದ ಕಡೆ ಕಂಡ ಹಾಗಾಯಿತು. ಶಸ್ತ್ರವೈದ್ಯರು ಮೊದಲು ಏನಾದರೂ ಆಗಿತ್ತೇ ಎಂದು ಕೇಳಿದಾಗ ಅಕ್ಕ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, ಆ ಮರಾಠಿ ಬೆಳಗಿನ ಸಂಗತಿ ಹೇಳಿದಳು. ವೈದ್ಯರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ.

ಅವರು ಸ್ಪಷ್ಟವಾಗಿ ಹೇಳಿದರು. ಎಡಗಡೆಯ ಮಿದುಳಿನಲ್ಲಿ ಮಾತು ಇರುತ್ತದೆ. ನಾಳದ ಗೋಡೆಯ ಮೇಲೆ ಕೂತ ಗಸಿಯಿಂದ ಒಂದು ಚೂರು ಕಳಚಿ ಮೇಲೆ ಹೋದರೆ ಮಾತು ಹೋಗಬಹುದು, ಬಲಗೈ ಬಲಗಾಲು ಹೋಗಬಹುದು. ಎರಡು ಸಲ ಸೂಚನೆ ಬಂದಾಗಿದೆ. ಕುತ್ತಿಗೆ ಕೊಯ್ದು ನಾಳ ತೆರೆದು ಗಸಿ ಕೆರೆದು ತೆಗೆಯಬಹುದು, ಹೆಚ್ಚಿನವರಿಗೆ ಒಳ್ಳೆಯದೇ ಆಗುತ್ತದೆ. ಆದರೆ ಕೆರೆಯುವಾಗಲೇ ಚೂರು ಹಾರುವುದು ಕೆಲವರಲ್ಲಿ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಮಾಡಿಸುವುದಾದರೆ ತಡ ಮಾಡಬೇಡಿ, ಒಂದೆರಡು ವಾರದೊಳಗೆ ಮಾಡಿದರೆ ಲಾಭ ಹೆಚ್ಚು ಎಂದು ಹೇಳಿ, ಅಲ್ಲಿಯವರೆಗೆ ರಕ್ತ ತೆಳುವಾಗುವ ಮಾತ್ರೆ ಬರೆದುಕೊಟ್ಟರು. ಸಾಯುವುದಕ್ಕೆ ಅಕ್ಕ ಹೆದರುವವಳಲ್ಲ. ಆದರೆ ಮಾತು ಎಂದ ಕೂಡಲೇ ಅವಳ ಮುಖ ಸಣ್ಣದಾಯಿತು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತಿಕೊಂಡಳು.

"ನನ್ನ ತಮ್ಮ ಇದರಾಗ ಡಾಕ್ಟರ್ ಅದಾನ್ರಿ," ಎಂದಳು ಕೊನೆಗೆ. "ಅಂವಾ ಲೆಕ್ಕಾ ಮಾಡಿ ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ."

ವೈದ್ಯರು ಸಭ್ಯರು. ಹುಬ್ಬನ್ನು ಸ್ವಲ್ಪವೇ ಏರಿಸಿ, ಸ್ಕ್ಯಾನಿನ ಸಿಡಿಯನ್ನು ನನ್ನ ಕೈಗಿಟ್ಟರು. ನಾನು ಆ ಕ್ಷಣದಲ್ಲೇ, ನನ್ನ ಲೆಕ್ಕಕ್ಕೂ ಈ ನಿರ್ಧಾರಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷ ಸರಾಸರಿ ಮನುಷ್ಯನಿಗೆ ದುಡಿದವನಿಗೆ ಮೊದಲ ಸಲ ಒಬ್ಬರು ನಿಜವಾದ ಮನುಷ್ಯರು ಕೆಲಸ ಕೊಟ್ಟಿದ್ದರು. ಸಿಡಿಯನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ.

ರಾಮತೀರ್ಥ ನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಅಕ್ಕನ ಕುತ್ತಿಗೆ ಬಂದು ಕೂತಿತು. ಅವಳು ಮಾತ್ರ ಇರಲಿಲ್ಲ. ನಮ್ಮಲ್ಲಿ ಇರು ಎಂದರೆ ಕೇಳದೆ, ಗಿಡಗಳಿಗೆ ನೀರು ಹಾಕುವವರಿಲ್ಲ ಎಂದು ಖಾನಾಪುರಕ್ಕೆ ಹೋಗಿಬಿಟ್ಟಿದ್ದಳು. ಸ್ಕ್ಯಾನಿನ ಚಿತ್ರಗಳಿಂದ ನಾಳದ ಆಕಾರ ತೆಗೆದೆ. ಅದನ್ನು ಜಾಳಿಗೆಯ ಹಾಗೆ ಸಣ್ಣ ಸಣ್ಣ ಚೂರುಗಳಾಗಿ ಒಡೆದೆ. ಪ್ರತಿ ಚೂರಿನಲ್ಲೂ ರಕ್ತದ ವೇಗ ಎಷ್ಟು, ಒತ್ತಡ ಎಷ್ಟು ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಕೆಳಗಿನಿಂದ ರಕ್ತ ಬಿಟ್ಟೆ. ಮೇಲಿನ ಎರಡೂ ಬಾಯಿಗಳಲ್ಲಿ, ಯಾವಾಗಲೂ ಮಾಡುವಂತೆ, ಒತ್ತಡ ಸೊನ್ನೆ ಎಂದು ಬರೆದೆ.

ಮರುದಿನ ಉತ್ತರ ಬಂತು. ಅದರ ಪ್ರಕಾರ ಅಕ್ಕನ ರಕ್ತವೆಲ್ಲ ಮುಖಕ್ಕೆ ಹೋಗುತ್ತಿತ್ತು, ಮಿದುಳಿಗೆ ಏನೂ ಉಳಿಯುತ್ತಿರಲಿಲ್ಲ. ನನ್ನ ಗಣಿತ ನಂಬುವುದಾದರೆ ಅವಳು ಕೆನ್ನೆ ಕೆಂಪಗೆ ಮಾಡಿಕೊಂಡು ಎಚ್ಚರ ತಪ್ಪಿ ಬಿದ್ದಿರಬೇಕು. ಫೋನ್ ಮಾಡಿದೆ. ಅವಳು ಚಟ್ನಿ ಕುಟ್ಟುತ್ತಿದ್ದಳು, ಕುಟ್ಟುವುದನ್ನು ನಿಲ್ಲಿಸದೆಯೇ ಯಾಕೆ ಎಂದು ಕೇಳಿದಳು. ಸುಮ್ಮನೆ ಎಂದು ಇಟ್ಟೆ.

ಕುಳಿತು ಯೋಚಿಸಿದಾಗ ಗೊತ್ತಾಯಿತು. ಒತ್ತಡ ಸೊನ್ನೆ ಎಂದರೆ ನಾಳ ಬಯಲಿಗೆ ತೆರೆದುಕೊಂಡಿದೆ ಎಂದರ್ಥ. ಎರಡೂ ಕವಲುಗಳು ಗಾಳಿಯಲ್ಲಿ ಮುಗಿಯುತ್ತವೆ. ಆಚೆಗೆ ಮಿದುಳಿಲ್ಲ, ಮುಖವಿಲ್ಲ, ಏನೂ ಇಲ್ಲ. ನಮ್ಮ ಕಸುಬಿನ ಸೋಮಾರಿಗಳು ಮಾಡುವ ಅನುಕೂಲದ ಊಹೆ ಅದು. ಸರಾಸರಿ ಮನುಷ್ಯನ ನುಣುಪು ನಾಳದಲ್ಲಿ ಅದರಿಂದ ದೊಡ್ಡ ತೊಂದರೆ ಕಾಣುವುದಿಲ್ಲ, ಆದ್ದರಿಂದ ಯಾರೂ ಕೇಳಿರಲಿಲ್ಲ. ಅಂದರೆ ನನ್ನ ಇಷ್ಟು ವರ್ಷದ ಸಂಶೋಧನೆಯಲ್ಲಿ ಯಾರಿಗೂ ತಲೆಯೇ ಇರಲಿಲ್ಲ. ತಲೆಯಿಲ್ಲದವರ ಕುತ್ತಿಗೆಯ ಬಗ್ಗೆ ಬರೆದು ಸಮ್ಮೇಳನಗಳಲ್ಲಿ ಶಾಲು ಹೊದಿಸಿಕೊಂಡಿದ್ದೆ. ಹೆಂಡತಿಗೆ ಹೇಳಿದೆ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಆಶ್ಚರ್ಯಪಡುವ ಅಭ್ಯಾಸ ಕಡಿಮೆ. ಕೇಳಿ ತಲೆಯಾಡಿಸಿ, ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಎರಡು ದಿನ ಕೂತು ಅಕ್ಕನಿಗೆ ತಲೆ ಜೋಡಿಸಿದೆ. ಮಿದುಳು ಎಷ್ಟು ರಕ್ತ ಎಳೆದುಕೊಳ್ಳುತ್ತದೆ, ಮುಖ ಎಷ್ಟು ತಡೆಯುತ್ತದೆ ಎಂಬುದನ್ನೆಲ್ಲ ಸೇರಿಸಿದ ಮೇಲೆ ಉತ್ತರ ನಂಬುವ ಹಾಗೆ ಬಂತು. ಆಗ ನಿಲ್ಲಿಸಬಹುದಿತ್ತು. ಆದರೆ ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ: ಜಾಳಿಗೆಯನ್ನು ಇನ್ನಷ್ಟು ಸಣ್ಣ ಮಾಡಿ ಮತ್ತೆ ಲೆಕ್ಕ ಹಾಕಬೇಕು, ಉತ್ತರ ಬದಲಾಗದಿದ್ದರೆ ಮಾತ್ರ ನಂಬಬೇಕು. ಸಣ್ಣ ಮಾಡಿದೆ. ಉತ್ತರ ಚೂರು ಬದಲಾಯಿತು. ಇನ್ನೂ ಸಣ್ಣ ಮಾಡಿದೆ, ಇನ್ನೂ ಚೂರು ಬದಲಾಯಿತು. ಕಾಲೇಜಿನ ದೊಡ್ಡ ಕಂಪ್ಯೂಟರಿಗೆ ಹಾಕಿದೆ. ಅದು ದಿನಗಟ್ಟಲೆ ಗುಂಯ್‌ಗುಟ್ಟಿತು. ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು. ಇನ್ನೂ ಒಂದು ರನ್ ಬಾಕಿ ಇದೆ ಎಂದೆ. ಆ ಕಡೆಯ ಹುಡುಗಿ ಅದು ಯಾವುದೋ ಹೊಸ ಟೆಸ್ಟ್ ಇರಬೇಕೆಂದು ಬರೆದುಕೊಂಡಳು.

ಅಕ್ಕ ಒಮ್ಮೆಯೂ ಅವಸರ ಮಾಡಲಿಲ್ಲ. ಒಂದು ಭಾನುವಾರ ಫೋನ್ ಎತ್ತಲೇ ಇಲ್ಲ. ಕಾಕುಗೆ ಮಾಡಿದರೆ, ನಿವೃತ್ತ ಮಾಸ್ತರರ ಜೊತೆ ಹಲಸಿಗೆ ಹೋಗಿದ್ದಾಳೆ, ಗುಡಿಯ ಶಾಸನ ಓದಿ ತೋರಿಸುವುದಕ್ಕೆ ಅವಳೇ ಬೇಕೆಂದು ಕರೆದುಕೊಂಡು ಹೋದರು ಎಂದರು. ಯಾವ ಗಳಿಗೆಯಲ್ಲಾದರೂ ಚೂರು ಹಾರಬಹುದಾದ ಕುತ್ತಿಗೆಯನ್ನು ಹೊತ್ತು ಆಕೆ ಬಸ್ಸಿನಲ್ಲಿ ಕುಲುಕಾಡಿಕೊಂಡು ಹಳೆಯ ಕಲ್ಲು ಓದಲು ಹೋಗಿದ್ದಳು. ನಾನು ಅದೇ ಕುತ್ತಿಗೆಯ ಚಿತ್ರದಲ್ಲಿ ನಾಲ್ಕನೇ ದಶಾಂಶ ತಿದ್ದುತ್ತಿದ್ದೆ. ಇಬ್ಬರಲ್ಲಿ ಯಾರಿಗೆ ಬುದ್ಧಿ ಕಮ್ಮಿ ಎಂದು ಹೆಂಡತಿಯನ್ನು ಕೇಳಿದೆ.

"ಇಬ್ಬರೂ ಒಂದ ಹೊಟ್ಟ್ಯಾಗ ಹುಟ್ಟೀರಿ," ಎಂದಳು ಅವಳು. "ಆಕಿ ಅಂಜಿ ಊರ ತಿರಗಾಕತ್ತಾಳ, ನೀವು ಅಂಜಿ ಕುಂತ ಬಿಟ್ಟೀರಿ. ಹೋಗಿ ಹೇಳಿ ಬರ್ರಿ."

ಮರುದಿನ ಲ್ಯಾಪ್‌ಟಾಪ್ ತೆಗೆದುಕೊಂಡು ಖಾನಾಪುರಕ್ಕೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು; ಬಲಗೈ ನಿಧಾನವಾಗಿತ್ತು, ಅದನ್ನು ನಾನು ಗಮನಿಸುವುದನ್ನು ಅವಳು ಗಮನಿಸಿದಳು. ತೆರೆಯ ಮೇಲೆ ಅವಳ ನಾಳವನ್ನು ತಿರುಗಿಸಿ ತೋರಿಸಿದೆ. ನಡುವಿನ ಮೂಲೆ ಕೆಂಪಗೆ, ಹೊರಗೋಡೆ ಗಾಢ ನೀಲಿ. ಕೆಂಪು ಎಂದರೆ ತಪ್ಪು ಅಲ್ಲವೇ ಎಂದು ಅಕ್ಕ ಕೇಳಿದಳು, ಜೀವಮಾನವೆಲ್ಲ ಕೆಂಪು ಶಾಯಿ ಹಿಡಿದವಳು. ಅಲ್ಲ, ಕೆಂಪು ಎಂದರೆ ರಕ್ತ ಚೆನ್ನಾಗಿ ಉಜ್ಜುವ ಜಾಗ, ನೀಲಿ ಎಂದರೆ ಉಜ್ಜದ ಜಾಗ, ಗಸಿ ಕೂತದ್ದು ನೀಲಿಯಲ್ಲಿ ಎಂದೆ. ಅರ್ಥವಾಗಲೆಂದು ಮಲಪ್ರಭೆಯ ಮಾತು ತೆಗೆದೆ. ನದಿ ದಿಬ್ಬಕ್ಕೆ ಬಡಿದು ಎರಡಾಗುವಲ್ಲಿ, ಬಡಿತ ತಿನ್ನುವ ತುದಿಯ ಕಲ್ಲು ನುಣ್ಣಗೆ ತೊಳೆದಿರುತ್ತದೆ. ಆಚೆ ದಂಡೆಯಲ್ಲಿ ನೀರು ಸುಮ್ಮನೆ ತಿರುಗುತ್ತ ನಿಲ್ಲುವ ಕಡೆ ಕೆಸರು ಕೂಡುತ್ತದೆ. ಬಟ್ಟೆ ಒಗೆಯುವಾಗ ನೀನೇ ನೋಡಿದ್ದೀಯಲ್ಲ ಎಂದೆ.

ಅಕ್ಕ ಚಿತ್ರವನ್ನು ಬಹಳ ಹೊತ್ತು ನೋಡಿದಳು. ತನ್ನದೇ ಮೈಯೊಳಗಿನದು ಎಂದು ಸ್ವಲ್ಪ ಹೆಮ್ಮೆಯೂ ಆದ ಹಾಗಿತ್ತು. ಆಮೇಲೆ, ಗಸಿ ಹೊರಗೋಡೆಗೆ ಕೂತಿದೆ ಎಂದು ಡಾಕ್ಟರು ಮೊದಲನೇ ದಿನವೇ ಹೇಳಿದ್ದರಲ್ಲ, ನೀನು ಇಷ್ಟು ದಿನ ಹೊಸದಾಗಿ ಏನು ಕಂಡುಹಿಡಿದೆ ಎಂದು ಕೇಳಿದಳು. ಅದು ಯಾಕೆ ಅಲ್ಲೇ ಕೂತಿತು ಎಂಬುದನ್ನು ಕಂಡುಹಿಡಿದೆ ಎಂದೆ. ಸರಿ, ಈಗ ಕೊಯ್ಸಬೇಕೋ ಬೇಡವೋ ಎಂದಳು. ನಾನು ಪ್ರಬಂಧಗಳ ಕೊನೆಯಲ್ಲಿ ಬರೆಯುವ ದನಿಯಲ್ಲಿ, ಒಂದು ಕಡೆ ನೋಡಿದರೆ ಹೀಗೆ, ಇನ್ನೊಂದು ಕಡೆ ನೋಡಿದರೆ ಹಾಗೆ, ಗೋಡೆಯ ಗಡಸುತನ ಗೊತ್ತಿಲ್ಲದೆ ಇದಮಿತ್ಥಂ ಎನ್ನುವಂತಿಲ್ಲ ಎಂದು ಅಡ್ಡಗೋಡೆಯ ಮೇಲೆ ದೀಪ ಇಡತೊಡಗಿದೆ. ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟಳು.

"ಇದು ನಿನ್ನ ಹೇಂತಿ ಕುತ್ತಿಗಿ ಆಗಿದ್ರ ಏನ್ ಮಾಡ್ತಿದ್ದಿ?"

"ಅವತ್ತ ಮಾಡಸ್ತಿದ್ನಿ," ಎಂದೆ. ಯೋಚಿಸುವ ಮೊದಲೇ ಬಾಯಿಂದ ಬಂದುಬಿಟ್ಟಿತ್ತು.

"ಹಂಗಾರ ನನಗ್ಯಾಕ ಇಷ್ಟ ಲೆಕ್ಕಾ?"

ನನ್ನ ಹತ್ತಿರ ಉತ್ತರವಿತ್ತು. ಹೆಂಡತಿಯ ಕುತ್ತಿಗೆಯಾಗಿದ್ದರೆ ಅವಳಿಗೆ ತವರಿನವರಿದ್ದರು, ಅವಳದೇ ಗಟ್ಟಿ ಬುದ್ಧಿಯಿತ್ತು, ಪಾಪವನ್ನು ಹಂಚಿಕೊಳ್ಳಲು ನಾಲ್ಕು ಜನ ಇರುತ್ತಿದ್ದರು. ಅಕ್ಕನಿಗೆ ನಾನೊಬ್ಬ. ನಾನು ಹೂಂ ಎಂದು, ಆಪರೇಶನ್ ಮೇಜಿನ ಮೇಲೆ ಆ ಚೂರು ಹಾರಿಬಿಟ್ಟರೆ, ಈ ಬಾಯಿ ಮುಚ್ಚಿಸಿದವನು ನಾನಾಗುತ್ತೇನೆ. ಅವಳ ಬೈಗುಳವಿಲ್ಲದ ಒಂದು ವಾರವೂ ನನ್ನ ಬದುಕಿನಲ್ಲಿ ಇರಲಿಲ್ಲ. ನನಗೆ ವಿಪರೀತ ಹೆದರಿಕೆಯಾಗಿತ್ತು. ಆ ಹೆದರಿಕೆಗೇ ನಾನು ಜಾಳಿಗೆ ಸಣ್ಣ ಮಾಡುತ್ತ ಕೂತದ್ದು. ಇದನ್ನೆಲ್ಲ ಕಟ್ಟೆಯ ಮೇಲೆ ಕೂತು, ಓಣಿಯವರು ಓಡಾಡುತ್ತಿರುವಾಗ, ಅವಳಿಗೆ ಹೇಳಿದೆ.

ಅಕ್ಕ ತಲೆಯಾಡಿಸಿದಳು. ತನಗೂ ಹೆದರಿಕೆಯೇ ಎಂದಳು. ಗಣಿತದ ಮೇಲೆ ನಂಬಿಕೆಯಿಟ್ಟು ನನಗೆ ವಹಿಸಿದ್ದಲ್ಲವಂತೆ. ಗಣಿತ ಅವಳಿಗೆ ಎಂದೂ ಸೇರುತ್ತಿರಲಿಲ್ಲ.

"ಏನರ ಆದ್ರ ಬೈಯಾಕ ಒಬ್ಬ ಬೇಕಲ್ಲಪಾ," ಎಂದಳು. "ಕಂಪ್ಯೂಟರಿಗೆ ಬೈದ್ರ ಏನ್ ಸುಖಾ ಐತಿ?"

ಮಾತೇ ಹೋದರೆ ಬೈಯುವುದು ಹೇಗೆ ಎಂದು ಕೇಳಿದೆ. ಕಣ್ಣಿನಲ್ಲೇ ಬೈಯುತ್ತೇನೆ ಎಂದಳು. ಆ ಕಣ್ಣಿಗೂ ರಕ್ತ ಹೋಗುವುದು ಇದೇ ಕವಲಿನಿಂದ ಎಂದು ತಿಳಿಸುವ ಧೈರ್ಯ ನನಗಾಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, "ಮಾಡಸು ಅಕ್ಕಾ," ಎಂದೆ. ಅವಳು ಹೂಂ ಎಂದು ಅವರೆಕಾಯಿ ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು. ಇಬ್ಬರೂ ಕೂತು ಸುಲಿದೆವು. ಆಸ್ಪತ್ರೆಗೆ ಅಲ್ಲಿಂದಲೇ ಫೋನ್ ಮಾಡಿದೆ.

ಅದೇ ವಾರ ದಿನ ಸಿಕ್ಕಿತು. ಅಕ್ಕನ ಕೊರಳಲ್ಲಿ ಶಿವದಾರದಿಂದ ಇಳಿಬಿಟ್ಟ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಅದನ್ನು ಮೈಯಿಂದ ಬೇರೆ ಮಾಡುವಂತಿಲ್ಲ, ಆದರೆ ಕೊಯ್ಯುವುದು ಕೊರಳನ್ನೇ. ನಾನು ಇದಕ್ಕಾಗಿ ಒಂದು ಭಾಷಣ ಸಿದ್ಧಮಾಡಿಕೊಂಡು ಹೋಗಿದ್ದೆ. ಬೆಳಗಾವಿಯ ಆಸ್ಪತ್ರೆಗೆ ಇದು ಹೊಸದಲ್ಲ. ನರ್ಸಮ್ಮ ಆಗಲೇ ಶುಭ್ರವಾದ ಒಂದು ಬಟ್ಟೆ ತಂದು, ಲಿಂಗವನ್ನು ಇದರಲ್ಲಿ ಸುತ್ತಿ ರಟ್ಟೆಗೆ ಕಟ್ಟಿಕೊಳ್ಳಿ ಎಂದರು. ನಾನು ಕಟ್ಟಲು ಹೋದರೆ ಅಕ್ಕ ಬಿಡಲಿಲ್ಲ. ಗಂಟಿನ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಸೋತ ಬಲಗೈಯಿಂದ ಇನ್ನೊಂದು ತುದಿ ಎಳೆದು, ಎಡ ರಟ್ಟೆಗೆ ತಾನೇ ಕಟ್ಟಿಕೊಂಡಳು. ಸ್ಟ್ರೆಚರ್ ಒಳಗೆ ಹೋಗುವ ತನಕ ಅವಳು ಒಂದೂ ಮಾತಾಡಲಿಲ್ಲ. ಉಳಿಸಿಕೊಳ್ಳುತ್ತಿದ್ದಾಳೇನೋ ಎನಿಸಿತು.

ಹೊರಗೆ ನಾನು, ಹೆಂಡತಿ ಕೂತೆವು. ಪಕ್ಕದ ಕುರ್ಚಿಯ ಹಿರಿಯರೊಬ್ಬರು ನನ್ನ ಫೈಲಿನ ಮೇಲೆ ಡಾಕ್ಟರ್ ಎಂಬುದನ್ನು ಓದಿ ಒಳಗೆ ಹೋಗುವುದಿಲ್ಲವೇ ಎಂದು ಕೇಳಿದರು. ಮಧ್ಯಾಹ್ನ ಶಸ್ತ್ರವೈದ್ಯರು ಹೊರಗೆ ಬಂದರು, ಕೈಯಲ್ಲೊಂದು ಸ್ಟೀಲ್ ಬಟ್ಟಲು. ನಿಮ್ಮ ವಿಷಯವಲ್ಲವೇ, ನೋಡಿ ಎಂದು ಮುಂದೆ ಹಿಡಿದರು. ಹಾಲಿನ ಪಾತ್ರೆಯ ತಳ ಕೆರೆದಾಗ ಬರುವ ಹಳದಿ ಕೆರಕಲಿನ ಹಾಗಿತ್ತು. ನಾಳದ ಒಳಗಿನಿಂದ ಇಡಿಯಾಗಿ ಎದ್ದು ಬಂದದ್ದರಿಂದ ಅದಕ್ಕೂ ಎರಡು ಕವಲಿನ ಆಕಾರ ಬಂದಿತ್ತು. ಒಂದು ಬದಿ ದಪ್ಪ, ಅದು ಹೊರಗೋಡೆಯ ಬದಿ. ಮೂಲೆಯ ಹತ್ತಿರ ಕಾಗದದಷ್ಟು ತೆಳುವು. ನನ್ನ ನೀಲಿ ಎಲ್ಲಿತ್ತೋ ಅಲ್ಲೇ. ಲೆಕ್ಕ ಸರಿಯಾಯಿತು ಎಂದು ನನ್ನ ಮನಸ್ಸು ಚಪ್ಪಾಳೆ ತಟ್ಟಿತು. ಅಕ್ಕ ಹೇಗಿದ್ದಾಳೆ ಎಂದು ಕೇಳಿದವಳು ಹೆಂಡತಿ.

ಕೆಲಸ ಚೆನ್ನಾಗಿ ಆಗಿದೆ, ಆದರೆ ಅವರು ಎದ್ದು ಮಾತಾಡುವವರೆಗೆ ನಾನೇನೂ ಹೇಳುವುದಿಲ್ಲ ಎಂದರು ವೈದ್ಯರು.

ಸಂಜೆಗೆ, ಒಬ್ಬರು ಮಾತ್ರ ಒಳಗೆ ಬರಬಹುದು ಎಂದರು. ಹೋದೆ. ಕುತ್ತಿಗೆಗೆ ದಪ್ಪ ಪಟ್ಟಿ ಸುತ್ತಿಕೊಂಡು ಅಕ್ಕ ಮಲಗಿದ್ದಳು, ಕಣ್ಣು ಮುಚ್ಚಿತ್ತು. ನರ್ಸಮ್ಮ ಅವಳ ಬಲಗೈ ಹಿಡಿದು, ಗಟ್ಟಿಯಾಗಿ ಅಮುಕಿ ಎಂದು ಮರಾಠಿಯಲ್ಲಿ ಹೇಳಿದರು. ಅಕ್ಕ ಅಮುಕಿದಳು. ಹೆಸರೇನು ಎಂದು ಮರಾಠಿಯಲ್ಲಿ ಕೇಳಿದರು. ಅಕ್ಕ ಒಡಕು ದನಿಯಲ್ಲಿ ಹೆಸರು ಹೇಳಿ, ನೀರು ಬೇಕು ಎಂದು ಮರಾಠಿಯಲ್ಲೇ ಕೇಳಿದಳು. ನರ್ಸಮ್ಮ ಸಂತೋಷದಿಂದ ನನ್ನತ್ತ ತಿರುಗಿದರು. ನನಗೆ ಆ ಮರಾಠಿ ಬೆಳಗು ನೆನಪಾಯಿತು.

ಹತ್ತಿರ ಹೋಗಿ ಕನ್ನಡದಲ್ಲಿ ಕರೆದೆ. ಉತ್ತರವಿಲ್ಲ. ನಾನು ಯಾರು ಹೇಳು ಎಂದೆ. ಅವಳು ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗುತ್ತಿತ್ತು, ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ದನಿಯೇ ಇಲ್ಲ. ಹೋಯಿತು ಎಂದುಕೊಂಡೆ. ನಾನೇ ಹೂಂ ಅಂದದ್ದು. ಮತ್ತೆ ಕರೆದೆ. ಅವಳು ಹುಬ್ಬು ಗಂಟಿಕ್ಕಿ, ತರಗತಿಯಲ್ಲಿ ಗದ್ದಲ ಮಾಡುವವರಿಗೆ ತೋರಿಸುವ ಹಾಗೆ, ಒಂದು ಬೆರಳೆತ್ತಿ ತಡೆ ಎಂದು ಸನ್ನೆ ಮಾಡಿದಳು. ನಾನು ಬಗ್ಗಿ ಕಿವಿಯನ್ನು ಅವಳ ಬಾಯಿಯ ಹತ್ತಿರ ಹಿಡಿದೆ. ಉಸಿರಿನಷ್ಟು ಸಣ್ಣ ದನಿಯಲ್ಲಿ, ಒಂದೊಂದನ್ನೂ ಮುಟ್ಟಿ ನೋಡುವವಳ ಹಾಗೆ ಹೇಳಿಕೊಳ್ಳುತ್ತಿದ್ದಳು: ಯ, ರ, ಲ, ವ, ಶ, ಷ, ಸ, ಹ. ಅಲ್ಲಿ ಸ್ವಲ್ಪ ನಿಂತಳು. ಆಮೇಲೆ, ಳ.

ಕಣ್ಣು ತೆರೆದು ನನ್ನನ್ನು ನೋಡಿದಳು.

"ಎಲ್ಲಾ ಅದಾವು," ಎಂದಳು.